ಪೆಟ್ಟಿಗೆಯ ಮೇಲೆ 200, ಕಾರಿಗೆ ಬೇಕಾದದ್ದು 70: ಮನೆಯ ಶೆಡ್ಡಿನ ಮಿಗ್ ವೆಲ್ಡಿಂಗ್ ಯಂತ್ರವೊಂದರ ವಿಮರ್ಶೆ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ 12 ಅಡಿ ಅಗಲ, 18 ಅಡಿ ಉದ್ದದ ಒಂದು ಶೀಟಿನ ಶೆಡ್ಡು ಇದೆ. ಹಿಂದೆ ತೆಂಗಿನ ಮಟ್ಟೆ, ಒಡೆದ ಕುರ್ಚಿ ಮತ್ತು ಹಳೆಯ ಸೈಕಲ್ಲುಗಳನ್ನು ತುಂಬಿಡುತ್ತಿದ್ದ ಆ ಜಾಗದಲ್ಲಿ ಕಳೆದ 14 ತಿಂಗಳಿಂದ ನಾನು ಎರಡು ಆಸನಗಳ, ಮೇಲ್ಚಾವಣಿಯಿಲ್ಲದ ಸಣ್ಣ ಸ್ಪೋರ್ಟ್ಸ್ ಕಾರೊಂದನ್ನು ಕಟ್ಟುತ್ತಿದ್ದೇನೆ. ಅದರ ಚೌಕಟ್ಟನ್ನು ಬೆಸೆಯಲು ಕೊಂಡ, 200 ಆಂಪಿಯರ್ ಎಂದು ಬರೆದಿರುವ, ಸಿಂಗಲ್ ಫೇಸಿನಲ್ಲಿ ನಡೆಯುವ, ಮಿಗ್ (ತಾನಾಗಿ ಹೊರಬರುವ ತಂತಿಯಿಂದ ಬೆಸೆಯುವುದು), ಟಿಗ್ (ಕರಗದ ಟಂಗ್‌ಸ್ಟನ್ ಮೊನೆಯಿಂದ ಬೆಸೆಯುವುದು) ಮತ್ತು ಕಡ್ಡಿ (ವೆಲ್ಡಿಂಗ್ ಕಡ್ಡಿ ಉರಿಸಿ ಬೆಸೆಯುವುದು) ಮೂರನ್ನೂ ಮಾಡುತ್ತೇನೆಂದು ಹೇಳಿಕೊಳ್ಳುವ ಇನ್ವರ್ಟರ್ ವೆಲ್ಡಿಂಗ್ ಯಂತ್ರದ ವಿಮರ್ಶೆ ಇದು. ಹೊರಗಿನ ಬಣ್ಣ ಮತ್ತು ಸ್ಟಿಕ್ಕರ್ ಬದಲಾಗಿ ಹೆಚ್ಚುಕಡಿಮೆ ಇದೇ ಯಂತ್ರ ನಾಲ್ಕಾರು ಹೆಸರುಗಳಲ್ಲಿ ಮಾರಾಟವಾಗುತ್ತಿರುವುದರಿಂದ, ಹೆಸರನ್ನು ಬಿಟ್ಟು ಯಂತ್ರದ ಬಗೆಯನ್ನಷ್ಟೇ ಪರಿಶೀಲಿಸಿದ್ದೇನೆ. ನನಗೆ ಬಿದ್ದ ಬೆಲೆ, ಎರಡು ಅಂಗಡಿ ಸುತ್ತಿ ಚೌಕಾಸಿ ಮಾಡಿದ ಮೇಲೆ, ₹21,500.

ಕೆಲಸದ ಸ್ವರೂಪ ತಿಳಿಯದೆ ಯಂತ್ರದ ಗುಣ ಹೇಳುವುದು ಕಷ್ಟ. 1957ರಿಂದ 1972ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಲೋಟಸ್ ಸೆವೆನ್ ಎಂಬ ಕಾರಿನ ಮಾದರಿಯನ್ನು ಜಗತ್ತಿನ ಹಲವೆಡೆ ಹವ್ಯಾಸಿಗಳು ತಮ್ಮ ಮನೆಗಳಲ್ಲಿ ಕಟ್ಟಿಕೊಳ್ಳುತ್ತಾರೆ. ಅದರ ಜನಕ ಕಾಲಿನ್ ಚಾಪ್‌ಮನ್ ತನ್ನ ಮೊದಲ ಕಾರನ್ನು 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಒಂದರಿಂದ ಸಿದ್ಧಪಡಿಸಿದ್ದೂ ಇಂಥದೇ ಒಂದು ಗ್ಯಾರೇಜಿನಲ್ಲಿ. ಈ ಮಾದರಿಯ ಜೀವ ಇರುವುದು ತ್ರಿಕೋನಗಳಲ್ಲಿ ಹೆಣೆದ ಪೈಪಿನ ಚೌಕಟ್ಟಿನಲ್ಲಿ. ನಾನು ಬಳಸಿದ್ದು 25 ಮಿಲಿಮೀಟರ್ ಚೌಕದ, 1.6 ಮಿಲಿಮೀಟರ್ ದಪ್ಪದ, ಅಂದರೆ ಅಂಗಡಿಯವರ ಲೆಕ್ಕದಲ್ಲಿ 16 ಗೇಜಿನ, ಸಾದಾ ಉಕ್ಕಿನ ಪೈಪು. 6 ಮೀಟರಿನ ಒಂದು ಪೈಪು ಸುಮಾರು 7 ಕಿಲೋ ತೂಗುತ್ತದೆ. ನನಗೆ ಎಂಟು ಪೈಪು ಬೇಕಾದವು. ಎಂಜಿನ್, ಗೇರ್‌ಬಾಕ್ಸ್ ಮತ್ತು ಹಿಂದಿನ ಆ್ಯಕ್ಸಲ್ ಮೂರೂ ಒಂದು ಹಳೆಯ ಮಾರುತಿ ಓಮ್ನಿಯಿಂದ ಬಂದವು. ಆ ವಾಹನದ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ಮುಂದಿನ ಆಸನದ ಕೆಳಗೆ ಉದ್ದುದ್ದವಾಗಿ ಕುಳಿತು ಹಿಂದಿನ ಚಕ್ರಗಳನ್ನು ತಿರುಗಿಸುವುದರಿಂದ, ಇಂಥ ಕಾರಿಗೆ ಅದನ್ನು ಹೊಂದಿಸುವುದು ಸುಲಭ. ಆ ಎಂಜಿನ್ನಿನಿಂದ ಸ್ಪೋರ್ಟ್ಸ್ ಕಾರೇ ಎಂದು ನಗುವವರು ನಕ್ಕುಕೊಳ್ಳಲಿ. ನಮ್ಮ ಮನೆಯಾಕೆ ಆಗಲೇ ನಕ್ಕಿದ್ದಾರೆ.

ಹೀಗೆ, ನನ್ನ ಕೆಲಸದ ಮುಕ್ಕಾಲು ಪಾಲು 1.6 ಮಿಲಿಮೀಟರಿನ ತೆಳು ಗೋಡೆಯ ಮೇಲೆ ನಡೆಯುವಂಥದ್ದು, ಮತ್ತು ಅದಕ್ಕೆ ಬೇಕಾಗುವುದು 60ರಿಂದ 80 ಆಂಪಿಯರ್ ಮಾತ್ರ. ಅಂಗಡಿಯಲ್ಲಿ ಮಾರಾಟಗಾರರು ಹತ್ತು ನಿಮಿಷ ಮಾತನಾಡಿದ್ದು ಮಾತ್ರ 200ರ ಬಗ್ಗೆಯೇ. ಮಿಗ್‌ನಲ್ಲಿ 200 ಆಂಪಿಯರಿಗೆ ಸುಮಾರು 24 ವೋಲ್ಟ್ ಬೇಕು, ಅಂದರೆ ಆರ್ಕಿನಲ್ಲೇ (ಲೋಹ ಕರಗಿಸುವ ವಿದ್ಯುತ್ ಕಿಡಿಯಲ್ಲೇ) 4,800 ವ್ಯಾಟ್. ಯಂತ್ರದ ಒಳಗಿನ ನಷ್ಟವನ್ನು ಸೇರಿಸಿದರೆ ಗೋಡೆಯಿಂದ ಹತ್ತಿರ ಹತ್ತಿರ 6,000 ವ್ಯಾಟ್ ಎಳೆಯಬೇಕಾಗುತ್ತದೆ. 230 ವೋಲ್ಟಿನಲ್ಲಿ ಅದು 26 ಆಂಪಿಯರಿನಷ್ಟಾಗುತ್ತದೆ, ಮತ್ತು ನಮ್ಮ ಮನೆಗಳ ದೊಡ್ಡ ಸಾಕೆಟ್ಟಿನ ಮಿತಿ 16. ಕೊಂಡ ದಿನ ಸಂಜೆ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ನೋಡುವ ಚಪಲದಲ್ಲಿ ನಾನು ಎಂಸಿಬಿ ಬೀಳಿಸಿ ಇಡೀ ಮನೆಯನ್ನು ಕತ್ತಲು ಮಾಡಿದೆ. ಒಳಗೆ ದೋಸೆ ಹಿಟ್ಟು ರುಬ್ಬುತ್ತಿದ್ದ ಗ್ರೈಂಡರೂ ನಿಂತಿತು. 70 ಆಂಪಿಯರಿನಲ್ಲಾದರೆ ಆರ್ಕಿಗೆ 17.5 ವೋಲ್ಟ್, ಸುಮಾರು 1,200 ವ್ಯಾಟ್. ಒಂದು ಇಸ್ತ್ರಿ ಪೆಟ್ಟಿಗೆಗಿಂತ ತುಸು ಹೆಚ್ಚು, ಅಷ್ಟೆ. ಮಂಡ್ಯದಲ್ಲಿ ಕಬ್ಬಿನ ಟ್ರೇಲರುಗಳನ್ನು ದುರಸ್ತಿ ಮಾಡುವ ಗೆಳೆಯರೊಬ್ಬರಿಗೆ, 10 ಮಿಲಿಮೀಟರ್ ಪ್ಲೇಟಿಗೆ 4 ಮಿಲಿಮೀಟರ್ ಕಡ್ಡಿ ಉರಿಸುವ ಅವರ ಕೆಲಸಕ್ಕೆ, ಮೇಲಿನ ಅಂಕಿಯೇ ಮುಖ್ಯ. ಕಾರಿನ ಚೌಕಟ್ಟು ಕಟ್ಟುವವರು ಅಂಗಡಿಯಲ್ಲಿ ಕೇಳಬೇಕಾದದ್ದು ಕೆಳಗಿನ ತುದಿಯಲ್ಲಿ ಆರ್ಕ್ ಎಷ್ಟು ಸ್ಥಿರವಾಗಿ ನಿಲ್ಲುತ್ತದೆ ಎಂಬುದನ್ನು, ಮತ್ತು ಅದನ್ನು ಒಂದು ತುಂಡು ಪೈಪಿನ ಮೇಲೆ ತೋರಿಸಿ ಎಂದು ಹಟ ಹಿಡಿಯಬೇಕು. ನಾನು ಹಿಡಿಯಲಿಲ್ಲ, ಅದೃಷ್ಟವಶಾತ್ ಯಂತ್ರ ಆ ವಿಷಯದಲ್ಲಿ ಚೆನ್ನಾಗಿಯೇ ಇತ್ತು.

ಅದು ಚೆನ್ನಾಗಿದೆ ಎಂದು ತಿಳಿಯಲು ಒಂದು ತಿಂಗಳು ಬೇಕಾಯಿತು, ಏಕೆಂದರೆ ಆ ತಿಂಗಳೆಲ್ಲ ನಾನು ಅದನ್ನು ತಪ್ಪಾಗಿ ಬಳಸುತ್ತಿದ್ದೆ. ಗ್ಯಾಸ್ ಸಿಲಿಂಡರಿನ ಖರ್ಚು ಮುಂದೂಡುವ ಉದ್ದೇಶದಿಂದ ಮೊದಲು ಹೊಟ್ಟೆಯೊಳಗೇ ಫ್ಲಕ್ಸ್ (ಕರಗಿದ ಲೋಹವನ್ನು ಗಾಳಿಯಿಂದ ಕಾಪಾಡುವ ಪುಡಿ) ತುಂಬಿರುವ, ಗ್ಯಾಸ್ ಬೇಡದ 0.8 ಮಿಲಿಮೀಟರಿನ ತಂತಿಯನ್ನು ಹಾಕಿದ್ದೆ. ಕೂಡುಗಳ ಸುತ್ತ ರಾಗಿ ಚೆಲ್ಲಿದಂತೆ ಸಿಡಿತದ ಕಾಳುಗಳು ಅಂಟಿಕೊಳ್ಳುತ್ತಿದ್ದವು. ಬೆಸುಗೆ ಹುಳು ಹರಿದಂತೆ ಪೈಪಿನ ಮೇಲೆ ಎದ್ದು ನಿಲ್ಲುತ್ತಿತ್ತು. ನಮ್ಮ ಎದುರುಮನೆಯ ಹಿರಿಯರು ಯಾದವಗಿರಿಯ ಐಡಿಯಲ್ ಜಾವಾ ಮೋಟಾರ್ ಸೈಕಲ್ ಕಾರ್ಖಾನೆಯಲ್ಲಿ, ಅದು 1996ರಲ್ಲಿ ಮುಚ್ಚುವವರೆಗೂ, ದುಡಿದವರು. ಒಂದು ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಬಂದು, ನಾನು ಹೆಮ್ಮೆಯಿಂದ ತೋರಿಸಿದ ಟಿ ಆಕಾರದ ಕೂಡನ್ನು ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಎರಡೇ ಪೆಟ್ಟು ಹಾಕಿದರು. ಪೈಪು ಬಾಗುವ ಮೊದಲೇ ಬೆಸುಗೆ ಸಿಪ್ಪೆಯಂತೆ ಕಳಚಿಕೊಂಡಿತು. "ಇದು ಅಂಟಿದೆ ಅಷ್ಟೇ ಕಣಪ್ಪಾ, ಬೆಸೆದಿಲ್ಲ" ಎಂದು ಅವರು ಆ ತುಂಡನ್ನು ನನ್ನ ಕೈಗೆ ಕೊಟ್ಟರು.

ಕಾರಣ ಯಂತ್ರದ ಬಾಗಿಲೊಳಗೇ ಇತ್ತು. ಗ್ಯಾಸ್ ಬಳಸುವ ಗಟ್ಟಿ ತಂತಿಗೆ ಟಾರ್ಚು (ತಂತಿ ಹೊರಬರುವ ಹಿಡಿ) ಧನಾಗ್ರದಲ್ಲಿರಬೇಕು. ಈ ಬಗೆಯ ಫ್ಲಕ್ಸ್ ತಂತಿಗೆ ಋಣಾಗ್ರದಲ್ಲಿರಬೇಕು. ಕಾರ್ಖಾನೆಯಿಂದ ಬರುವಾಗ ಗ್ಯಾಸಿಗೆ ಹೊಂದಿಸಿ ಕಳಿಸುತ್ತಾರೆ, ಮತ್ತು ಅದನ್ನು ಅದಲುಬದಲು ಮಾಡಬೇಕೆಂಬ ಸೂಚನೆ ಕೈಪಿಡಿಯ ಹದಿನೇಳನೆಯ ಪುಟದಲ್ಲಿ, ಇಂಗ್ಲಿಷನ್ನು ಕೇಳಿ ಮಾತ್ರ ಬಲ್ಲವರು ಬರೆದಂತಿರುವ ಒಂದು ಸಾಲಿನಲ್ಲಿ ಅಡಗಿತ್ತು. ಬದಲಾಯಿಸಿದ ಮೇಲೆ ಸದ್ದೇ ಬೇರೆಯಾಯಿತು: ಅಲ್ಲಿಯವರೆಗೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟಗುಟ್ಟುತ್ತಿದ್ದ ಆರ್ಕ್, ಕಾದ ಎಣ್ಣೆಗೆ ಹಪ್ಪಳ ಬಿಟ್ಟಂತೆ ಒಂದೇ ಸಮನೆ ಮೊರೆಯತೊಡಗಿತು. ಅದಕ್ಕಿಂತ ಮುಂಚೆ ಹಾಕಿದ್ದ ಬೆಸುಗೆಗಳನ್ನೆಲ್ಲ ಕತ್ತರಿಸಿ ತೆಗೆದೆ. ಎರಡು ಪೈಪು ದಂಡವಾದವು.

ನಂತರ ಹೆಬ್ಬಾಳ ಕೈಗಾರಿಕಾ ಪ್ರದೇಶದಿಂದ ಆರ್ಗಾನ್ ಮತ್ತು ಕಾರ್ಬನ್ ಡೈಆಕ್ಸೈಡ್ ಬೆರೆತ ಗ್ಯಾಸಿನ ಸಿಲಿಂಡರ್ ತಂದು ಗಟ್ಟಿ ತಂತಿಗೆ ಬದಲಾದೆ. ತೆಳು ಪೈಪಿನ ಮೇಲೆ ಈ ಯಂತ್ರದ ನಿಜವಾದ ಗುಣ ಕಂಡದ್ದು ಆಗ. 65 ಆಂಪಿಯರಿನಲ್ಲೂ ತಂತಿ ತೊದಲುವುದಿಲ್ಲ. ಮೂಲೆಗಳಲ್ಲಿ ಪೈಪು ತೂತಾಗದೆ ಲೋಹ ಎರಡೂ ಕಡೆ ಬೆರೆಯುತ್ತದೆ. ಸಿಡಿತ ಬಹಳ ಕಡಿಮೆಯಾದ್ದರಿಂದ ಲೋಹ ಉಜ್ಜುವ ಗ್ರೈಂಡರ್ ಹಿಡಿಯುವ ಸಮಯ ಅರ್ಧಕ್ಕೆ ಇಳಿಯುತ್ತದೆ. ಆದರೆ ಜೂನ್ ಕಳೆದು ಆಷಾಢದ ಗಾಳಿ ಶುರುವಾದಾಗ ಕಥೆ ಬದಲಾಯಿತು. ನಮ್ಮ ಶೆಡ್ಡಿನ ಪಶ್ಚಿಮದ ಬದಿ ತೆರೆದಿದೆ. ನಿಮಿಷಕ್ಕೆ 8ರಿಂದ 10 ಲೀಟರಿನಂತೆ ಹರಿಯುವ ಗ್ಯಾಸಿನ ಹೊದಿಕೆಯನ್ನು ಆ ಗಾಳಿ ನಾಝಲಿನ ಬಾಯಿಯಿಂದಲೇ ಎಗರಿಸಿಕೊಂಡು ಹೋಗುತ್ತಿತ್ತು, ಮತ್ತು ಬೆಸುಗೆ ಜೇನುಹುಟ್ಟಿನಂತೆ ತೂತುತೂತಾಗುತ್ತಿತ್ತು. ಹಳೆಯ ಬ್ಯಾನರ್ ಕಟ್ಟಿ ಮರೆಮಾಡಿದೆ, ಸಾಲಲಿಲ್ಲ. ಕೊನೆಗೆ ಆ ಆರು ವಾರ ಮತ್ತೆ ಫ್ಲಕ್ಸ್ ತಂತಿಗೇ, ಈ ಬಾರಿ ಸರಿಯಾದ ಧ್ರುವದಲ್ಲಿ, ಮರಳಿದೆ. ಎರಡನ್ನೂ ಹಾಕಬಹುದಾದ ಯಂತ್ರವನ್ನು ಕೊಂಡದ್ದರ ಪ್ರಯೋಜನ ನನಗೆ ಸಿಕ್ಕಿದ್ದು ಆ ಗಾಳಿಯಿಂದ.

ಸಂಜೆ ಹೊತ್ತು ನಮ್ಮ ಬೀದಿಯಲ್ಲಿ ವೋಲ್ಟೇಜ್ 195ಕ್ಕೆ ಇಳಿಯುವುದನ್ನು ಮೀಟರಿನಲ್ಲಿ ನೋಡಿದ್ದೇನೆ. ಆಗಲೂ ಕೆಳ ಆಂಪಿಯರಿನಲ್ಲಿ ಯಂತ್ರ ಆರ್ಕನ್ನು ಬಿಟ್ಟುಕೊಡಲಿಲ್ಲ; ಆದರೆ 30 ಅಡಿಯ ತೆಳು ಎಕ್ಸ್‌ಟೆನ್ಷನ್ ವೈರಿನಲ್ಲಿ ಕೊಟ್ಟಾಗ ಎಡವಿತು, 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಹಾಕಿದ ಮೇಲೆ ಸುಧಾರಿಸಿತು. ಡ್ಯೂಟಿ ಸೈಕಲ್, ಅಂದರೆ ಯಂತ್ರ ಬಿಸಿಯಾಗಿ ನಿಲ್ಲದೆ ಪ್ರತಿ ಹತ್ತು ನಿಮಿಷದಲ್ಲಿ ಎಷ್ಟು ಹೊತ್ತು ಬೆಸೆಯಬಲ್ಲದು ಎಂಬುದರ ಬಗ್ಗೆ ಪೆಟ್ಟಿಗೆಯ ಮೇಲೆ ಬರೆದಿರುವ 60 ಶೇಕಡಾ ಎಂಬುದನ್ನು ನಾನು ಪರೀಕ್ಷಿಸಲಿಲ್ಲ, ಪರೀಕ್ಷಿಸುವ ಅಗತ್ಯವೂ ಬೀಳಲಿಲ್ಲ. ಚೌಕಟ್ಟಿನ ಕೆಲಸದಲ್ಲಿ ಒಂದೇ ಕಡೆ ಉದ್ದಕ್ಕೆ ಬೆಸೆದರೆ ಶಾಖಕ್ಕೆ ಪೈಪು ಎಳೆದುಕೊಳ್ಳುತ್ತದೆ. ಎಲ್ಲ ಕೂಡುಗಳಿಗೂ ಮೊದಲು ಟಾಕಾ ಹಾಕಿ, ಕರ್ಣಗಳನ್ನು ಅಳೆದು, ಆಮೇಲೆ ಈ ಮೂಲೆಯಲ್ಲಿ ಒಂದು ಅಂಗುಲ, ಆ ಮೂಲೆಯಲ್ಲಿ ಒಂದು ಅಂಗುಲ ಎಂದು ಹಾರಿ ಹಾರಿ ಬೆಸೆಯಬೇಕು. ಯಂತ್ರ ಬಿಸಿಯಾಗುವುದಕ್ಕಿಂತ ಮೊದಲು ನನ್ನ ಮೊಣಕಾಲುಗಳೇ ಬಿಡುವು ಕೇಳುತ್ತಿದ್ದವು. ಆತುರಪಟ್ಟ ಒಂದೇ ಒಂದು ದಿನ ಕೆಳಗಿನ ಚೌಕದ ಕರ್ಣಗಳಲ್ಲಿ 4 ಮಿಲಿಮೀಟರ್ ವ್ಯತ್ಯಾಸ ಬಂದಿತು, ಅದನ್ನು ಸರಿಪಡಿಸಲು ಒಂದು ವಾರ ಹಿಡಿಯಿತು. ಇಡೀ ಚೌಕಟ್ಟಿಗೆ ಖರ್ಚಾದ ತಂತಿ 2 ಕಿಲೋಗಿಂತ ಕಡಿಮೆ.

ಜೊತೆಗೆ ಕೊಡುವ ಸಾಮಾನುಗಳ ಬಗ್ಗೆ ಒಳ್ಳೆಯ ಮಾತು ಹೇಳುವುದು ಕಷ್ಟ. ಅರ್ತ್ ಕ್ಲ್ಯಾಂಪಿನ ಸ್ಪ್ರಿಂಗ್ ಮೂರೇ ತಿಂಗಳಿಗೆ ಸಡಿಲವಾಯಿತು. ತಂತಿ ತಳ್ಳುವ ರೋಲರಿನ ಒಂದು ಬದಿಗೆ 0.8 ಮತ್ತು ಇನ್ನೊಂದು ಬದಿಗೆ 1.0 ಅಳತೆಯ ತೋಡು ಇರುತ್ತದೆ. ನನ್ನ ಯಂತ್ರದಲ್ಲಿ 1.0ರ ಬದಿಯನ್ನು ಒಳಗೆ ಕೂರಿಸಿ ಕಳಿಸಿದ್ದರು, ತಂತಿ ಜಾರಲು ಅದೂ ಒಂದು ಕಾರಣ. ರೋಲರನ್ನು ತೆಗೆದು ತಿರುಗಿಸಿ ಹಾಕಲು ಎರಡು ನಿಮಿಷ ಸಾಕು, ಆದರೆ ನೋಡಬೇಕೆಂದು ತಿಳಿದಿರಬೇಕು. ಕೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಮುಖಪರದೆಯನ್ನು ನಂಬಿ ಕೆಲಸ ಮಾಡಿದ ರಾತ್ರಿ ಎರಡೂ ಕಣ್ಣಿಗೆ ಮರಳು ತುಂಬಿದಂತಾಗಿ ಬೆಳಗಿನವರೆಗೆ ನಿದ್ದೆಯಿಲ್ಲದೆ ಕಳೆದೆ. ತಾನಾಗಿ ಕಪ್ಪಾಗುವ ಹೆಲ್ಮೆಟ್ಟಿಗೆ ಪ್ರತ್ಯೇಕವಾಗಿ ಹಣ ತೆಗೆದಿರಿಸದೆ ಈ ಯಂತ್ರವನ್ನು ಮನೆಗೆ ತರಬೇಡಿ. ಟಿಗ್ ಎಂಬ ಮಾತನ್ನೂ ಎಚ್ಚರಿಕೆಯಿಂದ ಓದಬೇಕು: ಇದು ಡಿಸಿ ಮಾತ್ರ ಕೊಡುವುದರಿಂದ ಟಿಗ್‌ನಲ್ಲಿ ಅಲ್ಯೂಮಿನಿಯಂ ಬೆಸೆಯುವ ಆಸೆ ಬಿಡಬೇಕು. ಅಂಗಡಿಯಲ್ಲಿ ಆಗುತ್ತದೆ ಎಂದೇ ಹೇಳಿದ್ದರು. ನನ್ನ ಕಾರಿನ ಅಲ್ಯೂಮಿನಿಯಂ ಹಾಳೆಗಳು ರಿವೆಟ್ಟಿನಲ್ಲಿ ನಿಂತಿವೆ. ಕಡ್ಡಿಯ ಸೌಲಭ್ಯ ಮಾತ್ರ ನಿಜಕ್ಕೂ ಒಳ್ಳೆಯದು. ಗೇಟಿನ ಕೀಲು, ನೆರೆಮನೆಯ ಒಗೆಯುವ ಕಲ್ಲಿನ ಸ್ಟ್ಯಾಂಡು, ಎಲ್ಲವೂ ಅದರಲ್ಲಾದವು.

ಒಂಬತ್ತನೆಯ ತಿಂಗಳಲ್ಲಿ ಯಂತ್ರ ಒಮ್ಮೆ ಪೂರ್ತಿ ಸತ್ತಿತು. ತಪ್ಪಿನ ದೊಡ್ಡ ಪಾಲು ನನ್ನದೇ. ಗ್ರೈಂಡರಿನ ಕೆಲಸವನ್ನು ಯಂತ್ರದಿಂದ ಎರಡಡಿ ದೂರದಲ್ಲಿ ಮಾಡುತ್ತಿದ್ದೆ, ಅದರ ಫ್ಯಾನು ಕಬ್ಬಿಣದ ಧೂಳನ್ನೆಲ್ಲ ಒಳಗೆ ಎಳೆದುಕೊಂಡು ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ಹರಡಿತ್ತು. ಆ ಧೂಳು ವಿದ್ಯುತ್ತನ್ನು ಹರಿಸುತ್ತದೆ ಎಂಬ ಸರಳ ಸಂಗತಿ ನನಗೆ ಹೊಳೆದಿರಲಿಲ್ಲ. ವಾರಂಟಿ ಇದ್ದರೂ ಮಾರಿದವರು "ಕಂಪನಿಗೆ ಕಳಿಸಬೇಕು ಸಾರ್, ಎರಡು ತಿಂಗಳಾಗುತ್ತೆ" ಎಂದು ಕೈತೊಳೆದುಕೊಂಡರು. ಟಿವಿ, ಯುಪಿಎಸ್ ರಿಪೇರಿ ಮಾಡುವ ಹುಡುಗನೊಬ್ಬ ₹2,800ಕ್ಕೆ ಬೋರ್ಡನ್ನು ಸರಿಮಾಡಿಕೊಟ್ಟ. ಈಗ ಯಂತ್ರ ಶೆಡ್ಡಿನ ಇನ್ನೊಂದು ತುದಿಯಲ್ಲಿ, ಮರದ ಹಲಗೆಯ ಮೇಲೆ ಇರುತ್ತದೆ, ಮತ್ತು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಗಾಳಿ ಊದಿ ಧೂಳು ತೆಗೆಯುತ್ತೇನೆ.

ಕಾರನ್ನು ರಸ್ತೆಗೆ ಇಳಿಸಬಹುದೇ ಎಂದು ಬಂದವರೆಲ್ಲ ಕೇಳುತ್ತಾರೆ. ಇಳಿಸುವಂತಿಲ್ಲ. ಮೂಲ ವಾಹನದ ಸ್ವರೂಪವನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯೊಡ್ಡುತ್ತದೆ, ಹೊಸ ಮಾದರಿಯೆಂದರೆ 1989ರ ಕೇಂದ್ರ ನಿಯಮಗಳಡಿ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಬೇಕು. ನನ್ನ ಗುರಿ ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟಾರ್ ಸ್ಪೀಡ್‌ವೇ. ದಿಂಬಂ ಘಾಟಿಯ ಮೂಲಕ ಲಾರಿಯ ಮೇಲೆ ಹೇರಿಕೊಂಡು ಹೋಗಬೇಕು. ಅದಕ್ಕೂ ಮುಂಚೆ ಹಿಂದಿನ ಆ್ಯಕ್ಸಲನ್ನು ಹಿಡಿದಿರುವ ನಾಲ್ಕು ಬ್ರಾಕೆಟ್ಟುಗಳು 3 ಮಿಲಿಮೀಟರ್ ಪ್ಲೇಟಿನವಾದ್ದರಿಂದ, ಅವುಗಳಿಗಾಗಿ ಕಾರಿನ ಕೆಲಸದಲ್ಲಿ ಮೊದಲ ಬಾರಿಗೆ 110 ಆಂಪಿಯರ್ ದಾಟಬೇಕಾಯಿತು. ಎದುರುಮನೆಯ ಹಿರಿಯರು ಸುತ್ತಿಗೆಯನ್ನು ತಾವೇ ತಂದಿದ್ದರು. ಅದೇ ಅಳತೆಯಲ್ಲಿ ಬೆಸೆದಿದ್ದ ಮಾದರಿ ತುಂಡಿಗೆ ಆರು ಪೆಟ್ಟು ಹಾಕಿದರು. ಪ್ಲೇಟು ಬಾಗಿತು, ಬೆಸುಗೆ ಹಾಗೆಯೇ ಉಳಿಯಿತು. ಅವರು ಏನೂ ಹೇಳದೆ ಖಾಲಿ ಲೋಟ ತೆಗೆದುಕೊಂಡು ಹೊರಟುಹೋದರು.