ಚೌಕ ರಂಧ್ರದ ರ‍್ಯಾಕ್ ರೈಲ್: ಮನೆಯಲ್ಲೇ ಕಟ್ಟುವ ಆಡಿಯೋ ಪೆಟ್ಟಿಗೆಗೆ ಒಗ್ಗುತ್ತದೆಯೇ?

ಪ್ಲೈವುಡ್ ಪೆಟ್ಟಿಗೆಗೆ ರ‍್ಯಾಕ್ ರೈಲ್ (ಉಪಕರಣಗಳನ್ನು ಬಿಗಿಯಲು ಸಾಲು ರಂಧ್ರಗಳಿರುವ ಲೋಹದ ಪಟ್ಟಿ) ಕೊಳ್ಳುವವರಿಗೆ ಎರಡು ಆಯ್ಕೆ: ಮರೆ (ಸ್ಕ್ರೂ ತಿರುಗಿ ಕೂರುವ ಸುರುಳಿ ಗೆರೆ) ಕೊರೆದ ರಂಧ್ರದ್ದು, ಇಲ್ಲವೇ ಕೇಜ್ ನಟ್ (ಪುಟ್ಟ ಲೋಹದ ಗೂಡಿನೊಳಗಿರುವ ನಟ್) ಕೂರಿಸುವ ಚೌಕ ರಂಧ್ರದ್ದು. ನನ್ನ ಮತ ಎರಡನೆಯದಕ್ಕೆ. ಮರೆ ಸವೆದರೆ ಒಂದು ನಟ್ ಬದಲಿಸಿದರೆ ಸಾಕು. ಮೊದಲನೆಯದರಲ್ಲಿ ಇಡೀ ರೈಲೇ ಹಾಳು. ನಟ್ ಕೂರಿಸುವಾಗ ಬೆರಳು ನೋಯುವುದು ಮಾತ್ರ ನಿಜ, ಚಪ್ಪಟೆ ಸ್ಕ್ರೂಡ್ರೈವರ್ ಜೊತೆಗಿರಲಿ.

ಉಪಕರಣದ ಮುಂದಿನ 19 ಇಂಚಿನ ಫಲಕದ ಅಗಲ 482.6 ಮಿಮೀ. ಪೆಟ್ಟಿಗೆಯ ಒಳಅಗಲ 485–486 ಮಿಮೀ ಇರಲಿ. ಎಡ–ಬಲ ರಂಧ್ರಗಳ ಕೇಂದ್ರಾಂತರ 465.1 ಮಿಮೀ ಬರುತ್ತದೆಯೇ ಎಂದು ರೈಲನ್ನು ಖಾಯಂ ಬಿಗಿಯುವ ಮೊದಲೇ ಅಳೆಯಿರಿ.

ಹೆಚ್ಚಿನವರು ಎಡವುವುದು ರೈಲ್ ಕತ್ತರಿಸುವಲ್ಲಿ. ಒಂದು ಯು (ಉಪಕರಣದ ಎತ್ತರ ಅಳೆಯುವ ಮಾನ) ಎಂದರೆ 44.45 ಮಿಮೀ, ಆದರೆ ರಂಧ್ರಗಳ ಅಂತರ ಸಮವಲ್ಲ: 15.875, 15.875, ಆಮೇಲೆ 12.7. ಈ ಕಿರಿದಾದ ಅಂತರದ ನಟ್ಟನಡುವೆಯೇ ಯು ಗಡಿ. ಬೇರೆಡೆ ಕತ್ತರಿಸಿ ತುದಿಯಿಂದ ಎಣಿಸಿದರೆ ಫಲಕದ ತೂತು ರೈಲಿನ ತೂತಿಗೆ ಕೂಡುವುದೇ ಇಲ್ಲ. 6 ಯುಗೆ ರೈಲಿನ ಉದ್ದ 266.7 ಮಿಮೀ; ಪೆಟ್ಟಿಗೆಯ ಒಳಎತ್ತರ ಎರಡು ಮೂರು ಮಿಮೀ ಹೆಚ್ಚಿರಲಿ.

ಜೊತೆಗೆ ಬರುವ ಮರದ ಸ್ಕ್ರೂಗಳನ್ನು ಪಕ್ಕಕ್ಕಿಡಿ. ಸಾಗಾಟದ ಕಂಪನಕ್ಕೆ ಅವು ಸಡಿಲಾಗುತ್ತವೆ. ಎಂ5 ಬೋಲ್ಟ್, ಅಗಲ ವಾಷರ್, ಲಾಕ್ ನಟ್ ಹಾಕಿ ಪ್ಲೈವುಡ್‌ನ ಆರಪಾರ ಬಿಗಿಯಿರಿ. ಭಾರದ ಆಂಪ್ಲಿಫೈಯರ್ ಇದ್ದರೆ ಹಿಂದೆಯೂ ಒಂದು ಜೋಡಿ ರೈಲ್ ಬೇಕೇ ಬೇಕು, ಇಲ್ಲದಿದ್ದರೆ ಮುಂಭಾಗದ ಕಿವಿಗಳು (ರೈಲಿಗೆ ಬಿಗಿಯುವ ಫಲಕದ ಅಂಚುಗಳು) ಬಾಗುತ್ತವೆ. ಮಿಕ್ಸರ್, ವೈರ್‌ಲೆಸ್ ರಿಸೀವರ್‌ನಂಥ ಹಗುರ ಸಾಮಾನಿಗೆ ಮುಂದಿನ ಜೋಡಿಯೇ ಸಾಕು.