ಜೂಡೋ ಗೀ, ಹಗುರ ಗೀ, ರ‍್ಯಾಷ್‌ಗಾರ್ಡ್: ಮಳೆಗಾಲದಲ್ಲಿ ಬಳಸಿ ನೋಡಿದ ಮೇಲೆ

ಕಳೆದ ವರ್ಷ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಬ್ರೆಜಿಲಿಯನ್ ಜು-ಜಿಟ್ಸು (ಎದುರಾಳಿಯನ್ನು ನೆಲದ ಮೇಲೆ ಹಿಡಿತಗಳಿಂದ ಸೋಲಿಸುವ ಕುಸ್ತಿಯಂಥ ಕಲೆ) ತರಗತಿಗೆ ಸೇರಿದಾಗ, ಖರ್ಚು ಕಡಿಮೆಯಾಗಲಿ ಎಂದು 2,400 ರೂಪಾಯಿಯ ಜೂಡೋ ಗೀ, ಅಂದರೆ ಅಭ್ಯಾಸಕ್ಕೆ ತೊಡುವ ಮೇಲಂಗಿ ಮತ್ತು ಪ್ಯಾಂಟಿನ ಜೋಡಿ, ಕೊಂಡೆ. 1914ರಲ್ಲಿ ಬ್ರೆಜಿಲ್ ತಲುಪಿದ ಜಪಾನಿನ ಮಿತ್ಸುಯೊ ಮಾಯೆದಾ ಅಲ್ಲಿ ಕಲಿಸಿದ ಜೂಡೋದಿಂದಲೇ ಈ ಕಲೆ ಬೆಳೆದದ್ದರಿಂದ, ಎರಡಕ್ಕೂ ಒಂದೇ ಉಡುಪು ಸಾಕೆಂದು ನಂಬಿದ್ದೆ. ನಾಲ್ಕು ತಿಂಗಳ ಬಳಿಕ 5,800 ರೂಪಾಯಿ ಕೊಟ್ಟು ಪರ್ಲ್ ವೀವ್ ಎಂಬ ನೇಯ್ಗೆಯ ಬಟ್ಟೆಯ ಹಗುರವಾದ ಜು-ಜಿಟ್ಸು ಗೀ ತಂದೆ. ಮೊದಲೇ ಅದನ್ನು ಕೊಳ್ಳಬೇಕಿತ್ತು.

ಜೂಡೋ ಗೀ ಕೆಟ್ಟದ್ದಲ್ಲ. ಎಸೆತಗಳನ್ನು ತಾಳಲೆಂದು ನೇಯ್ದ ಗಟ್ಟಿ ಬಟ್ಟೆ ಅದು. ನನ್ನನ್ನು ಸೋಲಿಸಿದ್ದು ಅದರ ಕಾಲರ್. ಮ್ಯಾಟಿನ ಮೇಲೆ ಮೈಗೆ ಮೈ ಉಜ್ಜುವ ಅಭ್ಯಾಸವಾದ್ದರಿಂದ ಪ್ರತಿ ತರಗತಿಯ ನಂತರ ಗೀ ಒಗೆಯಲೇಬೇಕು. ನನಗೆ ತರಗತಿ ಸೋಮವಾರ, ಬುಧವಾರ, ಶುಕ್ರವಾರ. ಮನೆಯ ಬಾಲ್ಕನಿಗೆ ಬಿಸಿಲು ಬರುವುದಿಲ್ಲ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ, ಸೋಮವಾರ ರಾತ್ರಿ ಇಬ್ಬರು ಸೇರಿ ಹಿಂಡಿ ಫ್ಯಾನಿನ ಕೆಳಗೆ ಹರಡಿದ ಮೇಲಂಗಿ ಬುಧವಾರ ಸಂಜೆಗೆ ಬೆನ್ನಿನ ಭಾಗದಲ್ಲಿ ಒಣಗಿದಂತೆ ಕಂಡರೂ, ಕಾಲರನ್ನು ಬೆರಳಿನಿಂದ ಒತ್ತಿದರೆ ಒಳಗಿನ ಪದರ ತಣ್ಣಗೆ ಹಸಿಯಾಗಿಯೇ ಇರುತ್ತಿತ್ತು. ಒಮ್ಮೆ ಹಾಗೆಯೇ ತೊಟ್ಟು ಹೋದೆ. ಕ್ಲೋಸ್ಡ್ ಗಾರ್ಡ್ (ಕೆಳಗೆ ಮಲಗಿದವನು ಮೇಲಿನವನ ಸೊಂಟವನ್ನು ಕಾಲುಗಳಿಂದ ಸುತ್ತಿ ಹಿಡಿಯುವ ಭಂಗಿ) ಅಭ್ಯಾಸದಲ್ಲಿ ಜೊತೆಗಾರನ ಮುಖ ನನ್ನ ಎದೆಗೆ ಒತ್ತಿಕೊಂಡಿತ್ತು. ಮುಗ್ಗಲು ವಾಸನೆಗೆ ಅವನು ಏನೂ ಹೇಳದೆ ಮುಖವನ್ನು ಪಕ್ಕಕ್ಕೆ ತಿರುಗಿಸಿದ. ಆ ಸಂಕೋಚ ನನಗೆ ಇಂದಿಗೂ ನೆನಪಿದೆ.

ಆಗಸ್ಟ್‌ನಲ್ಲಿ ಮುಂಗೈ ಮೇಲೆ ದುಂಡಗಿನ ಕೆಂಪು ಗುರುತು ಕಾಣಿಸಿಕೊಂಡಿತು. ಗಜಕರ್ಣವೆಂದ ಚರ್ಮವೈದ್ಯರು, ತೇವ ಆರದ ಬಟ್ಟೆ ಇಂಥ ಸೋಂಕಿಗೆ ಅನುಕೂಲವೆಂದು ಎಚ್ಚರಿಸಿದರು. ಎರಡು ವಾರ ಮ್ಯಾಟಿನಿಂದ ದೂರ ಉಳಿದೆ. ಬಿಸಿನೀರಿನಲ್ಲಿ ಒಗೆದರೆ ಬೇಗ ಆರೀತೆಂದು ಮಾಡಿದ ಪ್ರಯತ್ನದಿಂದ ತೋಳುಗಳು ಕುಗ್ಗಿದವೇ ಹೊರತು ಕಾಲರ್ ಒಣಗಲಿಲ್ಲ. ಮುಂದೆ ಸ್ಪರ್ಧಿಸುವ ಆಸೆಯಿರುವವರಿಗೆ ಇದು ಸಣ್ಣ ವಿಷಯವಲ್ಲ: ಐಬಿಜೆಜೆಎಫ್ (ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜು-ಜಿಟ್ಸು ಒಕ್ಕೂಟ) ನಿಯಮದಂತೆ ಕೈ ನೇರವಾಗಿ ಚಾಚಿದಾಗ ಗೀಯ ತೋಳಿನ ಅಂಚು ಮಣಿಕಟ್ಟಿನಿಂದ 5 ಸೆಂಟಿಮೀಟರ್‌ಗಿಂತ ಹಿಂದೆ ಇರಬಾರದು.

ಪರ್ಲ್ ವೀವ್ ಗೀ ಅದೇ ಬಾಲ್ಕನಿಯಲ್ಲಿ, ಅದೇ ಫ್ಯಾನಿನ ಕೆಳಗೆ, ಮರುದಿನ ಸಂಜೆಗೆ ಕಾಲರ್ ಸಹಿತ ಒಣಗುತ್ತದೆ. ಮೈಗೆ ಹತ್ತಿರ ಹೊಲಿದ ತೋಳಾದ್ದರಿಂದ ಎದುರಾಳಿಗೆ ಹಿಡಿಯಲು ಜೂಡೋ ಗೀಯಷ್ಟು ಸಡಿಲ ಬಟ್ಟೆಯೂ ಸಿಗುವುದಿಲ್ಲ.

ರ‍್ಯಾಷ್‌ಗಾರ್ಡ್ (ಗೀ ಇಲ್ಲದ ಅಭ್ಯಾಸಕ್ಕೆ ತೊಡುವ, ಮೈಗಂಟುವ ತೆಳು ಅಂಗಿ) ಮತ್ತು ಚಡ್ಡಿ ಎರಡೂ ಸೇರಿ 2,200 ರೂಪಾಯಿ; ರಾತ್ರಿ ಒಗೆದರೆ ಬೆಳಗ್ಗೆ ಸಿದ್ಧ. ಹಿಡಿದೆಳೆಯಲು ಬಟ್ಟೆ ಇಲ್ಲದ್ದರಿಂದ ಬೆರಳುಗಳ ಗೆಣ್ಣು ನೋಯುವುದೂ ಕಡಿಮೆ. ಆದರೆ ಬೆವರಿದ ಮೈ ಜಾರುತ್ತದೆ, ಆಟ ವೇಗವಾಗುತ್ತದೆ. ನನ್ನಂಥ ಮೂವತ್ತೆಂಟರ ಹೊಸಬನಿಗೆ, ಎಲ್ಲಿ ತಪ್ಪಿದೆ ಎಂದು ಅರಿಯುವ ಮೊದಲೇ ಬಲಶಾಲಿಯಾದ ಕಿರಿಯನೊಬ್ಬ ಕೈಯಿಂದ ನುಣುಚಿಕೊಂಡಿರುತ್ತಾನೆ. ಗೀ ತೊಟ್ಟಾಗ ಹಾಗಲ್ಲ: ತೋಳನ್ನು ಹಿಡಿದು ನಿಲ್ಲಿಸಬಹುದು, ಉಸಿರು ತೆಗೆದುಕೊಳ್ಳಬಹುದು, ಮುಂದಿನ ಹೆಜ್ಜೆ ಯೋಚಿಸಬಹುದು. ಎದುರಾಳಿಯ ಕಾಲರನ್ನು ಎರಡೂ ಕೈಗಳಿಂದ ಅಡ್ಡಡ್ಡ ಹಿಡಿದು ಕುತ್ತಿಗೆ ಅಮುಕುವ ಕ್ರಾಸ್ ಕಾಲರ್ ಚೋಕ್‌ನಲ್ಲಿ ಮೊದಲ ಕೈ ಕಾಲರಿನೊಳಗೆ ಆಳವಾಗಿ ಹೋಗದಿದ್ದರೆ ಎರಡನೆಯ ಕೈಯಿಂದ ಪ್ರಯೋಜನವಿಲ್ಲ ಎಂಬುದು ನನಗೆ ಅರ್ಥವಾದದ್ದು ಹೀಗೆ ನಿಧಾನವಾಗಿ ಕಲಿತಾಗಲೇ.

ನಿಮ್ಮ ತರಬೇತಿ ಕೇಂದ್ರದಲ್ಲಿ ಗೀ ತರಗತಿಯೇ ಇಲ್ಲದಿದ್ದರೆ ರ‍್ಯಾಷ್‌ಗಾರ್ಡ್ ಸಾಕು. ಮನೆಗೆ ಬಿಸಿಲಿನ ತಾರಸಿ ಇದ್ದು, ವಾರಕ್ಕೆ ಒಂದೇ ದಿನ ಅಭ್ಯಾಸವಾದರೆ ಜೂಡೋ ಗೀಯೂ ನಡೆಯುತ್ತದೆ. ವಾರಕ್ಕೆ ಮೂರು ದಿನ ಹೋಗುವವರು, ಒಂದೇ ಒಂದು ಗೀ ಕೊಳ್ಳುವಷ್ಟು ಹಣವಿರುವವರು, ಇನ್ನೆರಡು ತಿಂಗಳು ಕಾದಾದರೂ ಹಗುರವಾದದ್ದನ್ನೇ ತೆಗೆದುಕೊಳ್ಳಿ. ಅಂಗಡಿಯಲ್ಲಿ ಎಲ್ಲಕ್ಕಿಂತ ಮೊದಲು ಕಾಲರನ್ನು ಹಿಸುಕಿ ನೋಡಿ, ಒಳಗೆ ಏನು ತುಂಬಿದ್ದಾರೆಂದು ಕೇಳಿ.