ಪವರ್ಡ್ ಸ್ಪೀಕರ್‌ಗಳಿಗೆ ತಕ್ಕ ರಿಸೀವರ್ ಯಾವುದು: ಮೂರು ಬಗೆಗಳ ಹೋಲಿಕೆ

ಆಂಪ್ಲಿಫೈಯರನ್ನು ತಮ್ಮೊಳಗೇ ಅಡಕ ಮಾಡಿಕೊಂಡಿರುವ ಒಂದೇ ಜೊತೆ ಪವರ್ಡ್ ಸ್ಪೀಕರ್‌ಗಳಿಗೆ ನಾನು ಮೂರು ಬಗೆಯ ಉಪಕರಣಗಳನ್ನು ಸರದಿಯಂತೆ ಜೋಡಿಸಿ ಕೇಳಿದ್ದೇನೆ: ಎಲ್ಲ ಚಾನೆಲ್‌ಗಳಿಗೂ ಪ್ರೀ-ಔಟ್ (ಹೊರಗಿನ ಆಂಪ್ಲಿಫೈಯರ್‌ಗೆ ಸಿಗ್ನಲ್ ಕೊಡುವ ಕಿಂಡಿ) ಇರುವ ಒಂದು ಎವಿ (ಆಡಿಯೊ-ವಿಡಿಯೊ) ರಿಸೀವರ್, ಪ್ರೀ-ಔಟ್ ಉಳ್ಳ ಒಂದು ಸ್ಟೀರಿಯೊ ರಿಸೀವರ್, ಹಾಗೂ ಪವರ್ ಆಂಪ್ಲಿಫೈಯರೇ ಇಲ್ಲದ, ಟಿವಿಗಾಗಿ ಎಚ್‌ಡಿಎಂಐ ಕಿಂಡಿ ಇರುವ ಒಂದು ನೆಟ್‌ವರ್ಕ್ ಪ್ರೀ-ಆಂಪ್. ಸ್ಪೀಕರ್‌ಗಳು ಐದು ಇಂಚಿನ ವೂಫರ್‌ನವು. ಅವುಗಳ ಹಿಂಬದಿಯಲ್ಲಿ ಆರ್‌ಸಿಎ ಮತ್ತು ಎಕ್ಸ್‌ಎಲ್‌ಆರ್ ಇನ್‌ಪುಟ್‌ಗಳೂ ಒಳಬರುವ ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕೆಂದು ನಿಗದಿಪಡಿಸುವ ಒಂದು ಗೇನ್ ಗುಂಡಿಯೂ ಇವೆ. ಎರಡು ಉಪಕರಣಗಳಲ್ಲಿ ಒಂದು ಒಂದೇ ಡೆಸಿಬಲ್‌ನಷ್ಟು ಜೋರಾಗಿದ್ದರೂ ಕಿವಿ ಅದನ್ನೇ ಉತ್ತಮವೆಂದು ಆರಿಸುವ ಸಾಧ್ಯತೆ ಇರುವುದರಿಂದ, ಪ್ರತಿ ಬಾರಿಯೂ ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ಪರೀಕ್ಷಾ ಸದ್ದು) ನುಡಿಸಿ, ಕೂರುವ ಜಾಗದಲ್ಲಿ ಸದ್ದಿನ ಮಟ್ಟವನ್ನು ಮೀಟರಿನಿಂದ ಅಳೆದು, ಮೂರನ್ನೂ ಸಮಮಟ್ಟಕ್ಕೆ ತಂದ ಮೇಲೆಯೇ ಹೋಲಿಸಿದೆ.

ಮೊದಲಿಗೆ ಸುರಕ್ಷತೆಯ ಮಾತು. ರಿಸೀವರ್‌ನ ಸ್ಪೀಕರ್ ಟರ್ಮಿನಲ್‌ಗಳಿಂದ ತಂತಿ ಎಳೆದು ಪವರ್ಡ್ ಸ್ಪೀಕರ್‌ನ ಲೈನ್ ಇನ್‌ಪುಟ್‌ಗೆ ಎಂದಿಗೂ ಸೇರಿಸಬಾರದು. 8 ಓಮ್ ಸ್ಪೀಕರ್‌ಗೆ 50 ವ್ಯಾಟ್ ಕೊಡುವ ಆಂಪ್ಲಿಫೈಯರ್ ಹೊರಡಿಸುವುದು 20 ವೋಲ್ಟ್. ಲೈನ್ ಇನ್‌ಪುಟ್ ತಡೆದುಕೊಳ್ಳುವಂತೆ ಮಾಡಿರುವುದು ಸಾಮಾನ್ಯವಾಗಿ ಕೆಲವೇ ವೋಲ್ಟುಗಳ ಸಿಗ್ನಲ್‌ಗಾಗಿ. ನಮಗೆ ಬೇಕಾದದ್ದು ಪ್ರೀ-ಔಟ್, ಅಂದರೆ ವಾಲ್ಯೂಮ್ ನಿಯಂತ್ರಣವನ್ನು ದಾಟಿ ಬಂದ, ಆದರೆ ಪವರ್ ಆಂಪ್ಲಿಫೈಯರ್‌ಗೆ ಇನ್ನೂ ಹೋಗದ ಸಿಗ್ನಲ್. ನೋಡಲು ಅದರಂತೆಯೇ ಇರುವ ರೆಕ್ ಔಟ್ ಅಥವಾ ಟೇಪ್ ಔಟ್ ಕಿಂಡಿಗಳಲ್ಲಿ ವಾಲ್ಯೂಮ್ ಗುಂಡಿಯ ಹಿಡಿತವಿರುವುದಿಲ್ಲ. ಅಲ್ಲಿಗೆ ಸೇರಿಸಿದರೆ ಸ್ಪೀಕರ್ ಪೂರ್ಣ ಮಟ್ಟದಲ್ಲಿ ಒಮ್ಮೆಲೇ ಅಬ್ಬರಿಸುತ್ತದೆ. ಆರಂಭಿಕ ಶ್ರೇಣಿಯ ಅನೇಕ ಎವಿ ರಿಸೀವರ್‌ಗಳಲ್ಲಿ, ಮಂದ್ರ ಸ್ವರಗಳಿಗೆಂದೇ ಇರುವ ಸಬ್‌ವೂಫರ್‌ಗೆ ಮಾತ್ರ ಪ್ರೀ-ಔಟ್ ಇರುವುದರಿಂದ, ಪೆಟ್ಟಿಗೆಯ ಮೇಲಿನ ವ್ಯಾಟ್ ಸಂಖ್ಯೆಗಿಂತ ಮೊದಲು ಹಿಂಬದಿಯ ಫಲಕದ ಚಿತ್ರವನ್ನು ನೋಡುವುದು ಜಾಣತನ. ಪವರ್ಡ್ ಸ್ಪೀಕರ್ ಇರುವವರಿಗೆ ಆ ವ್ಯಾಟ್ ಸಂಖ್ಯೆಯಿಂದ ಯಾವ ಪ್ರಯೋಜನವೂ ಇಲ್ಲ.

ಎವಿ ರಿಸೀವರ್‌ನ ನಿಜವಾದ ಬಲ ಅದರ ಬಾಸ್ ನಿರ್ವಹಣೆಯಲ್ಲಿದೆ. ಸಬ್‌ವೂಫರ್ ಸೇರಿಸಿ, ಸ್ಪೀಕರ್‌ಗಳನ್ನು ‘ಸ್ಮಾಲ್’ ಎಂದು ಗುರುತಿಸಿ, ಸ್ವರಗಳನ್ನು ಎರಡಕ್ಕೂ ಹಂಚುವ ಗಡಿಯಾದ ಕ್ರಾಸೋವರನ್ನು 80 ಹರ್ಟ್ಸ್‌ಗೆ ಇಟ್ಟಾಗ, ಅದಕ್ಕಿಂತ ಕೆಳಗಿನ ಮಂದ್ರ ಸ್ವರಗಳು ಸಬ್‌ವೂಫರ್‌ಗೆ ಹೋಗುವುದಷ್ಟೇ ಅಲ್ಲದೆ, ಅವುಗಳ ಭಾರ ಚಿಕ್ಕ ವೂಫರ್‌ಗಳ ಮೇಲಿಂದ ಇಳಿಯುತ್ತದೆ. ಐದು ಇಂಚಿನ ಕೋನ್ 40 ಹರ್ಟ್ಸ್‌ನ ಸ್ವರವನ್ನು ನುಡಿಸಲು ಬಹಳ ದೂರ ಹಿಂದೆ ಮುಂದೆ ಚಲಿಸಬೇಕಾಗುತ್ತದೆ, ಅದೇ ಹೊತ್ತಿನಲ್ಲಿ ಅದೇ ಕೋನ್ ಹಾಡುಗಾರರ ಕಂಠವನ್ನೂ ನುಡಿಸಬೇಕು. ಈ ಹೊರೆ ತಪ್ಪಿದಾಗ ಜೋರಾದ ಮಟ್ಟದಲ್ಲಿಯೂ ಕಂಠ ಎಷ್ಟು ತಿಳಿಯಾಗುತ್ತದೆ ಎಂಬುದು ನನ್ನ ಇಡೀ ಹೋಲಿಕೆಯಲ್ಲಿ ಅತಿ ಸ್ಪಷ್ಟವಾಗಿ ಕೇಳಿಸಿದ ವ್ಯತ್ಯಾಸ. ಮೂರು ಉಪಕರಣಗಳ ಡ್ಯಾಕ್‌ಗಳ (ಡಿಜಿಟಲ್ ಸಿಗ್ನಲನ್ನು ಅನಲಾಗ್‌ಗೆ ಬದಲಿಸುವ ಭಾಗಗಳ) ನಡುವೆ ನನ್ನ ಕಿವಿಗೆ ಸಿಕ್ಕ ಅಂತರ ಇದರ ಮುಂದೆ ಏನೇನೂ ಅಲ್ಲ.

ಕೋಣೆಯ ತಿದ್ದುಪಡಿಯೂ, ಅಂದರೆ ಕೋಣೆಯಲ್ಲಿ ಸದ್ದನ್ನು ಮೈಕ್‌ನಿಂದ ಅಳೆದು ಅದಕ್ಕೆ ತಕ್ಕಂತೆ ಸಿಗ್ನಲನ್ನು ಹೊಂದಿಸುವುದೂ, ಈ ಬಲದ ಭಾಗವೇ. ಆಡಿಸ್ಸಿ, ಡಿರಾಕ್ ಲೈವ್, ಯಮಾಹಾದ ವೈಪಿಎಒ ಮುಂತಾದ ವ್ಯವಸ್ಥೆಗಳ ಫಿಲ್ಟರ್‌ಗಳು ಪ್ರೀ-ಔಟ್‌ಗೂ ಅನ್ವಯಿಸುವುದರಿಂದ ಪವರ್ಡ್ ಸ್ಪೀಕರ್‌ಗಳಿಗೂ ಅವುಗಳ ಲಾಭ ದೊರೆಯುತ್ತದೆ. ಅಳತೆ ಮುಗಿದ ಮೇಲೆ ರಿಸೀವರ್ ತೋರಿಸುವ ಸ್ಪೀಕರ್‌ನ ದೂರ ಕೆಲವೊಮ್ಮೆ ಟೇಪು ಹಿಡಿದು ಅಳೆದ ದೂರಕ್ಕಿಂತ ಹೆಚ್ಚಾಗಿರುತ್ತದೆ. ಗಾಬರಿಪಡಬೇಕಾಗಿಲ್ಲ. ಅನೇಕ ಪವರ್ಡ್ ಸ್ಪೀಕರ್‌ಗಳು ಸಿಗ್ನಲನ್ನು ಒಳಗೆ ಡಿಜಿಟಲ್ ರೂಪಕ್ಕೆ ತಂದು ಸಂಸ್ಕರಿಸುವುದರಿಂದ ತುಸು ತಡವಾಗುತ್ತದೆ. ಶಬ್ದ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುವುದಾದ್ದರಿಂದ, ಮೂರು ಮಿಲಿಸೆಕೆಂಡಿನ ತಡ ಒಂದು ಮೀಟರಿನ ಹೆಚ್ಚುವರಿ ದೂರವಾಗಿ ಕಾಣಿಸುತ್ತದೆ. ಆ ಸಂಖ್ಯೆಯನ್ನು ಕೈಯಿಂದ ‘ಸರಿಪಡಿಸಿದರೆ’ ಸಬ್‌ವೂಫರ್ ಮತ್ತು ಸ್ಪೀಕರ್‌ಗಳ ಹೊಂದಾಣಿಕೆ ಕೆಡುತ್ತದೆ.

ಎವಿ ರಿಸೀವರ್‌ನ ದೌರ್ಬಲ್ಯ ಬಳಕೆಯಾಗದ ಆಂಪ್ಲಿಫೈಯರ್‌ಗಳು. ಅವು ಸುಮ್ಮನೆ ಬಿಸಿಯಾಗುತ್ತವೆ, ಜಾಗ ಹಿಡಿಯುತ್ತವೆ, ಮತ್ತು ಇದಕ್ಕಿಂತ ಮುಖ್ಯವಾಗಿ, ವಾಲ್ಯೂಮ್ ಬಹಳ ಏರಿಸಿದಾಗ ಹೊರಗೆ ಏನನ್ನೂ ಜೋಡಿಸದಿದ್ದರೂ ಒಳಗಿನ ಪವರ್ ಆಂಪ್ಲಿಫೈಯರ್ ತನ್ನ ವೋಲ್ಟೇಜ್ ಮಿತಿ ಮುಟ್ಟಿ ಕ್ಲಿಪ್ ಆಗಿ (ಸಿಗ್ನಲ್‌ನ ಶಿಖರಗಳು ಕತ್ತರಿಸಿಹೋಗಿ), ಕೆಲವು ವಿನ್ಯಾಸಗಳಲ್ಲಿ ಆ ವಿಕೃತಿ ಪ್ರೀ-ಔಟ್‌ನಲ್ಲೂ ಕಾಣಿಸಿಕೊಳ್ಳುತ್ತದೆ. ಡೆನಾನ್ ಮತ್ತು ಮರಾಂಟ್ಜ್ ಸಂಸ್ಥೆಗಳ ಕೆಲವು ಮಾದರಿಗಳಲ್ಲಿ ಒಳಗಿನ ಆಂಪ್ಲಿಫೈಯರ್‌ಗಳನ್ನು ಪ್ರತ್ಯೇಕಿಸುವ ಪ್ರೀ-ಆಂಪ್ ಮೋಡ್ ಇದೆ. ಪವರ್ಡ್ ಸ್ಪೀಕರ್‌ಗಾಗಿ ಎವಿ ರಿಸೀವರ್ ಕೊಳ್ಳುವವರು ಈ ಸೌಲಭ್ಯವನ್ನು ಹುಡುಕಿಕೊಂಡು ಹೋಗಬೇಕೆಂದು ನಾನು ಒತ್ತಾಯಿಸುತ್ತೇನೆ.

ಸ್ಟೀರಿಯೊ ರಿಸೀವರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಎಫ್‌ಎಂ ರೇಡಿಯೊ, ಗ್ರಾಮಫೋನ್ ತಟ್ಟೆಗಳಿಗೆ ಬೇಕಾದ ಫೋನೊ ಇನ್‌ಪುಟ್, ಕೈಗೆ ಹಿತವಾಗುವ ಗುಂಡಿಗಳು ಎಲ್ಲವೂ ಚೆನ್ನ. ಆದರೆ ಇಂಥ ರಿಸೀವರ್‌ಗಳ ಸಬ್‌ವೂಫರ್ ಔಟ್‌ಪುಟ್ ಸಾಮಾನ್ಯವಾಗಿ ಮಂದ್ರವನ್ನು ಸಬ್‌ವೂಫರ್‌ಗೆ ಕಳುಹಿಸುತ್ತದೆಯೇ ಹೊರತು ಮುಖ್ಯ ಸ್ಪೀಕರ್‌ಗಳಿಂದ ಕಳೆಯುವುದಿಲ್ಲ. ನಾನು ಪರೀಕ್ಷಿಸಿದ್ದರಲ್ಲೂ ಅಷ್ಟೇ. ತಟ್ಟೆಗಳ ಸಂಗ್ರಹವಿಲ್ಲದವರಿಗೆ ಇದನ್ನು ಆರಿಸಲು ನನಗೆ ಕಾರಣ ಕಾಣುವುದಿಲ್ಲ.

ನೆಟ್‌ವರ್ಕ್ ಪ್ರೀ-ಆಂಪ್ ಗೆದ್ದದ್ದು ನಿಶ್ಶಬ್ದದಲ್ಲಿ. ಮೊದಲೆರಡು ಉಪಕರಣಗಳಲ್ಲಿ ಆರ್‌ಸಿಎ ಪ್ರೀ-ಔಟ್ ಮಾತ್ರವಿದ್ದರೆ, ಇದರಲ್ಲಿ ಎಕ್ಸ್‌ಎಲ್‌ಆರ್ ಇತ್ತು. ಎಕ್ಸ್‌ಎಲ್‌ಆರ್‌ನ ಬ್ಯಾಲೆನ್ಸ್ಡ್ ಜೋಡಣೆಯಲ್ಲಿ ಎರಡು ತಂತಿಗಳ ಮೇಲೂ ಸಮನಾಗಿ ಸೇರಿಕೊಳ್ಳುವ ಗದ್ದಲವನ್ನು ಸ್ಪೀಕರ್‌ನ ಇನ್‌ಪುಟ್ ಪರಸ್ಪರ ಕಳೆದುಹಾಕುತ್ತದೆ. ಎವಿ ರಿಸೀವರ್‌ನೊಂದಿಗೆ ಕೇಳಿಸುತ್ತಿದ್ದ, ವಿದ್ಯುತ್ ಜಾಲದ 50 ಹರ್ಟ್ಸ್‌ನ ಗುಂಯ್ ಎನ್ನುವ ಸದ್ದು ಇಲ್ಲಿ ಮಾಯವಾಯಿತು. ರಿಸೀವರ್‌ನಲ್ಲಿ ಅದನ್ನು ಹೋಗಲಾಡಿಸಲು ಎಲ್ಲ ಉಪಕರಣಗಳನ್ನೂ ಒಂದೇ ವಿದ್ಯುತ್ ಪಟ್ಟಿಗೆ ಜೋಡಿಸಿ, ಟಿವಿಗೆ ಬರುವ ಕೇಬಲ್ಲಿಗೆ ಐಸೊಲೇಟರ್ ಹಾಕಬೇಕಾಯಿತು. ಅದಾದ ಮೇಲೆ ಅಲ್ಲಿಯೂ ಸದ್ದು ಅಡಗಿತೆಂಬುದನ್ನು ನ್ಯಾಯವಾಗಿ ಹೇಳಬೇಕು.

ಗುಂಯ್ ಸದ್ದಿಗಿಂತ ಬೇರೆಯಾದದ್ದು, ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರ್‌ನಿಂದ ಬರುವ ಸುಯ್ಯೆನ್ನುವ ಸದ್ದು. ಅದಕ್ಕೆ ಮದ್ದು ಗೇನ್ ಗುಂಡಿಯಲ್ಲಿದೆ. ಗೃಹಬಳಕೆಯ ಲೈನ್ ಮಟ್ಟ 0.316 ವೋಲ್ಟ್, ಸ್ಟುಡಿಯೊ ಉಪಕರಣಗಳದು 1.23 ವೋಲ್ಟ್, ಎರಡರ ನಡುವಿನ ಅಂತರ ಸುಮಾರು 12 ಡೆಸಿಬಲ್. ಸ್ಪೀಕರ್‌ನ ಗೇನ್ ಪೂರ್ತಿ ಏರಿಸಿಟ್ಟು ರಿಸೀವರ್‌ನ ವಾಲ್ಯೂಮನ್ನು ತೀರ ಕೆಳಗಿಟ್ಟು ಕೇಳಿದರೆ ಸಿಗ್ನಲ್ ಚಿಕ್ಕದಾಗಿ, ಗದ್ದಲ ಮಾತ್ರ ಇದ್ದಷ್ಟೇ ಉಳಿದು, ಅದೇ ಹಿಗ್ಗಿ ಕೇಳಿಸುತ್ತದೆ. ಡಿಜಿಟಲ್ ವಾಲ್ಯೂಮ್ ಇರುವ ಪ್ರೀ-ಆಂಪ್‌ಗಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಗೇನ್ ತಗ್ಗಿಸಿ, ದಿನನಿತ್ಯದ ಆಲಿಕೆ ವಾಲ್ಯೂಮ್‌ನ ಮೇಲಿನ ಭಾಗದಲ್ಲಿ ನಡೆಯುವಂತೆ ಹೊಂದಿಸಿಕೊಂಡಾಗ ಮೂರೂ ಉಪಕರಣಗಳು ಗಣನೀಯವಾಗಿ ಸುಧಾರಿಸಿದವು.

ಟಿವಿಯ ವಿಷಯದಲ್ಲಿ ಪ್ರೀ-ಆಂಪ್ ಸಾಕಷ್ಟೇ. 2009ರಲ್ಲಿ ಎಚ್‌ಡಿಎಂಐ 1.4ರೊಂದಿಗೆ ಬಂದ ಎಆರ್‌ಸಿ (ಆಡಿಯೊ ರಿಟರ್ನ್ ಚಾನೆಲ್) ಮೂಲಕ ಟಿವಿಯ ಸದ್ದು ಬರುತ್ತದೆ, ಟಿವಿಯ ರಿಮೋಟಿನಿಂದಲೇ ವಾಲ್ಯೂಮ್ ಏರಿಳಿಯುತ್ತದೆ. ಆದರೆ ಎರಡು ಚಾನೆಲ್‌ನ ಅನೇಕ ಉಪಕರಣಗಳು ಡಾಲ್ಬಿ ಸಿಗ್ನಲನ್ನು ಬಿಡಿಸಲಾರವು. ಟಿವಿಯ ಔಟ್‌ಪುಟನ್ನು, ಹಾಗೆ ಬಿಡಿಸಬೇಕಾಗಿಲ್ಲದ ಪಿಸಿಎಂ ಎಂದು ಬದಲಿಸದಿದ್ದರೆ ಸದ್ದೇ ಬಾರದಿರಬಹುದು. ಮುಂದೊಂದು ದಿನ ಹಿಂಬದಿಯ ಸ್ಪೀಕರ್‌ಗಳನ್ನು ಸೇರಿಸುವ ಆಸೆಯಿದ್ದರೆ ಇಲ್ಲಿ ಅದಕ್ಕೆ ಎಡೆಯಿಲ್ಲ.

ನನ್ನ ತೀರ್ಮಾನವನ್ನು ನಿರ್ಧರಿಸಿದ್ದು ಸಬ್‌ವೂಫರ್. ಅದು ಇರುವ ಟಿವಿ ಕೋಣೆಯಲ್ಲಿ ಎವಿ ರಿಸೀವರನ್ನು ಪ್ರೀ-ಆಂಪ್ ಮೋಡ್‌ನಲ್ಲಿ ಉಳಿಸಿಕೊಂಡೆ. ಸಬ್‌ವೂಫರ್ ಇಲ್ಲದೆ, ಹತ್ತಿರ ಕುಳಿತು ಮೆಲ್ಲಗೆ ಸಂಗೀತ ಕೇಳುವ ಕೋಣೆಗಾದರೆ ನೆಟ್‌ವರ್ಕ್ ಪ್ರೀ-ಆಂಪನ್ನೇ ಎರಡನೆಯ ಯೋಚನೆಯಿಲ್ಲದೆ ಆರಿಸುತ್ತೇನೆ. ಮೆಲ್ಲಗೆ ಕೇಳುವವರು ಸ್ಪೀಕರ್‌ನ ಆಟೊ-ಸ್ಟ್ಯಾಂಡ್‌ಬೈಯನ್ನು ಆಫ್ ಮಾಡಿಡುವುದು ಒಳ್ಳೆಯದು, ಏಕೆಂದರೆ ಸಿಗ್ನಲ್ ತೀರ ಸಣ್ಣದಾದಾಗ ಕೆಲವು ಸ್ಪೀಕರ್‌ಗಳು ಸಂಗೀತ ನಡೆಯುತ್ತಿರುವಾಗಲೇ ಮಲಗಿಬಿಡುತ್ತವೆ. ಆನ್ ಮಾಡುವಾಗ ರಿಸೀವರ್ ಮೊದಲು, ಸ್ಪೀಕರ್ ನಂತರ. ಆಫ್ ಮಾಡುವಾಗ ಸ್ಪೀಕರ್ ಮೊದಲು. ಈ ಕ್ರಮ ಪಾಲಿಸಿದರೆ ಧಡ್ ಎಂಬ ಸದ್ದು ಟ್ವೀಟರ್‌ಗೂ ವೂಫರ್‌ಗೂ ತಾಗುವುದಿಲ್ಲ.